ಬೆರಳಿನ ತಪ್ಪು

ತನ್ನ ಬಲಗೈಯ ತೋರುಬೆರಳು ತನ್ನದೇ ಎಂಬ ವಿಷಯದಲ್ಲಿ ಲವೋನ್ ಕ್ರೆಮರಳಿಗೆ ಐವತ್ತೆರಡು ವರ್ಷ ಅನುಮಾನ ಬಂದಿರಲಿಲ್ಲ. ಈಗ ಏಳು ವಾರದಿಂದ ಬಂದಿದೆ. ಶನಿವಾರ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಹಿಟ್ಟು ಲಟ್ಟಿಸಿ, ಕೋಸು, ಈರುಳ್ಳಿ, ದನದ ಮಾಂಸದ ಹೂರಣ ಇಟ್ಟು, ನಾಲ್ಕೂ ಅಂಚು ಮಡಿಸಿ ಬನ್ನು ಮುಚ್ಚುವಾಗ ಅವಳ ಕಣ್ಣು ಆ ಬೆರಳನ್ನೇ ಕಾಯುತ್ತಿತ್ತು. ಒಮ್ಮೆ ಒತ್ತು ಎಂದರೆ ಒಮ್ಮೆ ಒತ್ತಿತು. ಎರಡು ಸಲ ಒತ್ತಲಿಲ್ಲ. ಹನ್ನೆರಡು ಬನ್ನು ಮುಗಿಯುವ ಹೊತ್ತಿಗೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಇದೇನು ಹುಚ್ಚು, ಹಿಟ್ಟಿನ ಮುಂದೆ ಬೆರಳಿಗೆ ಪರೀಕ್ಷೆ! ಇಪ್ಪತ್ತಾರು ವರ್ಷದಿಂದ ಬೀನ್ಸ್ ಗೋದಾಮಿನಲ್ಲಿ, ಓಡುವ ಪಟ್ಟಿಯ ಮೇಲೆ ಸುರಿದು ಬರುವ ಬಿಳಿ ಕಾಳಿನ ನಡುವಿನಿಂದ ಕಲ್ಲು, ಮಣ್ಣಿನ ಹೆಂಟೆ, ಸುಕ್ಕು ಕಾಳು ಹೆಕ್ಕಿ ತೆಗೆದ ಬೆರಳು ಅದು. ಹೊಸದಾಗಿ ಬಂದ ಹೆಂಗಸರನ್ನು ಫೋರ್‌ಮನ್ ಅವಳ ಪಕ್ಕದಲ್ಲಿ ನಿಲ್ಲಿಸಿ, "ಲವೋನ್ ಕೈ ನೋಡಿ ಕಲೀರಿ" ಎನ್ನುತ್ತಿದ್ದ. ಅಂಥ ಬೆರಳನ್ನು ರೈಫಲ್ ಕ್ಲಬ್ಬಿನ ಮೂವತ್ತು ಗಂಡಸರ ಮುಂದೆ ಕೈಮೈಕಿನಲ್ಲಿ ತಪ್ಪಿತಸ್ಥ ಎಂದು ಕೂಗಿ ಹೇಳಿದ್ದರು. ಒಂದಲ್ಲ, ಎರಡು ಸಲ.

ಗಂಡ ಲೀರಾಯ್ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಇವತ್ತೂ ಹೋಗ್ತೀಯಾ?" ಎಂದ. "ಹೋಗ್ತೀನಿ." "ಬಿಟ್ಟಾಕು ಮಾರಾಯ್ತಿ. ಗುಂಡು ಹೊಡೆಯೋದು ಬಿಟ್ಟು ಬೇರೆ ಕೆಲಸ ಇಲ್ವಾ?" ಅವಳು ತಿರುಗಿಯೂ ನೋಡಲಿಲ್ಲ. ಬಿಟ್ಟುಹಾಕುವುದಾದರೆ ಆವತ್ತೇ ಬಿಟ್ಟುಹಾಕಬಹುದಿತ್ತು. ಈಗ ಬಿಟ್ಟರೆ ಹೌದು ಎಂದ ಹಾಗೆ. ಹೌದಪ್ಪಾ, ನನ್ನ ಬೆರಳಿಗೇ ನಾನು ಯಜಮಾನಿಯಲ್ಲ, ಒಮ್ಮೆ ಒತ್ತು ಎಂದರೆ ಎರಡು ಸಲ ಒತ್ತುತ್ತದೆ ಎಂದು ಒಪ್ಪಿಕೊಂಡ ಹಾಗೆ. "ಇವತ್ತು ನನ್ನ ರೈಫಲ್ಲನ್ನ ಬೇರೆಯವರ ಕೈಯಲ್ಲಿ ಹೊಡೆಸ್ತಾರೆ. ನಾನು ಕೇಳಿದ್ದೆ, ಕ್ಲಬ್ಬಿನ ಡ್ವೇನ್ ಒಪ್ಪಿದಾನೆ," ಎಂದಳು. "ಅವರ ಕೈಲೂ ಎರಡು ಹಾರಿದ್ರೆ ರೈಫಲ್ ತಪ್ಪು." "ಹಾರ್ದೆ ಇದ್ರೆ?" ಎಂದ ಲೀರಾಯ್. ಅವಳು ಓವನ್ನಿನ ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಮುಚ್ಚಿದಳು.

ಹಾರದೆ ಇದ್ದರೆ ಏನೆಂದು ಅವಳಿಗೆ ಗೊತ್ತಿತ್ತು. ಕ್ಲಬ್ಬಿನ ನಿಯಮ ಎಲ್ಲರಿಗೂ ಗೊತ್ತು. ಒಂದೇ ಒತ್ತಿಗೆ ಎರಡು ಗುಂಡು ಹಾರಿದರೆ ಅದು ರೈಫಲ್ಲಿನ ತಪ್ಪೋ, ಬೆರಳಿನ ತಪ್ಪೋ ಎಂದು ಅಲ್ಲೇ ತೀರ್ಮಾನ. ಬೆರಳಿನದು ಎರಡು ಸಲವಾದರೆ ಆ ಮನುಷ್ಯ ಗುಂಡು ಹೊಡೆಯುವವರ ಸಾಲಿನಲ್ಲಿ ಮಲಗುವ ಹಾಗಿಲ್ಲ. ಗುರಿಹಲಗೆಗಳ ಕೆಳಗಿನ ಹೊಂಡದಲ್ಲಿ ಕೂತು ಬೇರೆಯವರ ಗುಂಡಿನ ತೂತಿಗೆ ಕಾಗದ ಅಂಟಿಸುತ್ತ ಇರಬೇಕು. ಮೂರು ಶನಿವಾರ ಅವಳು ಅದನ್ನೇ ಮಾಡಿದ್ದಳು. ತಲೆಯ ಮೇಲೆ ಗುಂಡು ಚಟಾರನೆ ಹಾದುಹೋಗುವಾಗ ಗೋಂದು ಸವರಿದ ಕಾಗದದ ಚೂರು ನಾಲಗೆಗೆ ಅಂಟಿ ಕಹಿಯಾಗುತ್ತಿತ್ತು. ಕ್ಲಬ್ಬಿನ ಕಿಪ್ ವ್ಯಾಗ್ನರನ ಹಲಗೆಯನ್ನೂ ಅವಳೇ ಎಳೆದಿಳಿಸಿ ತೂತು ಮುಚ್ಚಿದ್ದಳು. ಅವನು ನಡುವಿನ ಕರಿ ವೃತ್ತವನ್ನು ಬಿಟ್ಟು ಊರೆಲ್ಲ ಹೊಡೆದಿದ್ದ. ಅವನ ಬೆರಳಿನ ಬಗ್ಗೆ ಯಾರೂ ಕೂಗಿ ಹೇಳಲಿಲ್ಲ.

ಮೊದಲ ಸಲ ಆದದ್ದು ಜುಲೈ ಕೊನೆಯ ಶನಿವಾರ. ಇನ್ನೂರು ಗಜ, ಕೂತು ಹೊಡೆಯುವುದು, ಅರವತ್ತು ಸೆಕೆಂಡಿಗೆ ಹತ್ತು ಗುಂಡು. ಒಂದು ಸಲಕ್ಕೆ ಎಂಟು ಗುಂಡು ಹಿಡಿಸುವ ಅವಳ ಹಳೆಯ ಸೈನ್ಯದ ರೈಫಲ್ಲು, ಮೂರು ಗುಂಡಿನವರೆಗೆ ಮುದ್ದಾಗಿ ನಡೆಯಿತು. ನಾಲ್ಕನೆಯದನ್ನು ಒತ್ತಿದಳು. ಢಂ ಎಂದದ್ದು ಮುಗಿಯುವ ಮೊದಲೇ ಇನ್ನೊಂದು ಢಂ. ಎರಡನೆಯದು ಹಲಗೆಯನ್ನೂ ದಾಟಿ ಹಿಂದಿನ ಮಣ್ಣುದಿಬ್ಬದ ನೆತ್ತಿಗೆ ಬಡಿದು ಧೂಳೆಬ್ಬಿಸಿತು. ಇನ್ನೆರಡು ಅಡಿ ಮೇಲೆ ಹೋಗಿದ್ದರೆ ಆಚೆ ಹುಲ್ಲುಗಾವಲು, ದನ, ಬೇಲಿ ಕಟ್ಟುವ ಜನ. ಆ ಧೂಳು ನೋಡಿ ಅವಳು ರೈಫಲ್ಲನ್ನು ಕೆಳಗಿಟ್ಟಳು. ಡ್ವೇನ್ ಫ್ರಿಟ್ಜ್‌ಲರ್ ಸೀಟಿ ಊದಿದ. ಪಂದ್ಯ ನಡೆಸುವವನು ಅವನೇ, ವಾರದ ದಿನಗಳಲ್ಲಿ ಪಶು ಆಹಾರದ ಅಂಗಡಿ ಇಟ್ಟವನು. ಹತ್ತಿರ ಬಂದ. ಅವನ ಹಿಂದೆಯೇ ಎಮಿಲ್ ಹೆಸ್ಲರ್ ಬಂದ. ಎಪ್ಪತ್ತೆಂಟು ವರ್ಷದ ಎಮಿಲ್ ಸಕ್ಕರೆ ಕಾರ್ಖಾನೆಯ ಲೇತ್ ಯಂತ್ರದ ಮುಂದೆ ಬದುಕು ಸವೆಸಿದವನು. ಆ ಸಾಲಿನಲ್ಲಿದ್ದ ಒಂದೊಂದು ರೈಫಲ್ಲಿನ ಟ್ರಿಗರನ್ನೂ ತನ್ನ ಕೈಯಾರೆ ಸಾಣೆಕಲ್ಲಿಗೆ ಹಿಡಿದು ನಯ ಮಾಡಿದವನು. ರೈಫಲ್ಲನ್ನು ನೋಡಲಿಲ್ಲ ಆ ಮನುಷ್ಯ. ಅವಳ ಕೈ ನೋಡಿದ. "ಹಾಲು ಕರೀತಿದೀಯ ಕಣಮ್ಮ," ಎಂದ, ಬೇಸರದಿಂದ, ಪಾಠ ಹೇಳುವವನ ಹಾಗೆ. "ಗಟ್ಟಿ ಹಿಡೀದೆ ಇದ್ರೆ ರೈಫಲ್ ಹಿಂದಕ್ಕೆ ಒದ್ದು ಮುಂದಕ್ಕೆ ಬರುತ್ತೆ, ನಿನ್ನ ಬೆರಳೇ ಮತ್ತೆ ಟ್ರಿಗರ್ ಒತ್ತುತ್ತೆ. ನಿನಗೆ ಗೊತ್ತೂ ಆಗಲ್ಲ." ಗೊತ್ತೂ ಆಗಲ್ಲ! ಅದೇ ಮಾತು ಈಗಲೂ ಎದೆಯಲ್ಲಿ ಮುಳ್ಳಾಗಿದೆ. ಗೊತ್ತಾಗದೆ ಇದ್ದದ್ದನ್ನು ಇಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಡ್ವೇನ್ ಕೈಮೈಕು ಎತ್ತಿದ. "ಏಳನೇ ಜಾಗ, ಕ್ರೆಮರ್, ಬೆರಳಿನ ತಪ್ಪು." ಹೊಂಡದಲ್ಲಿದ್ದವರಿಗೂ ಕೇಳಿಸುವ ಹಾಗೆ. ಆಮೇಲೆ ಕಿಪ್ ಶೆಡ್ಡಿನ ಹತ್ತಿರ ಕಾದು ನಿಂತು ಕೇಳಿದ: "ಎಷ್ಟು ಬಕೆಟ್ ಆಯ್ತು ಲವೋನ್? ನಮ್ಮನೆಗೂ ಒಂದು ಕಳ್ಸು." ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ನಗೆ ನೆನಪಾದಾಗೆಲ್ಲ ಕಿವಿ ಬಿಸಿಯಾಗುತ್ತದೆ. ಯಾಕೆ ನಕ್ಕೆ? ಯಾವ ಸುಖಕ್ಕೆ ನಕ್ಕೆ?

ಮೈದಾನಕ್ಕೆ ಹೊರಟ ಅವಳ ಪಿಕಪ್ ಟ್ರಕ್ಕು ನದಿಯ ಸೇತುವೆ ದಾಟಿತು. ಈ ವರ್ಷ ಪ್ಲ್ಯಾಟ್ ನದಿಯಲ್ಲಿ ನೀರಿಗಿಂತ ಮರಳೇ ಹೆಚ್ಚು. ಎರಡೂ ಕಡೆ ಬೀಟ್ ಹೊಲ, ಇನ್ನು ಎರಡು ವಾರಕ್ಕೆ ಕೀಳಲು ಶುರು. ರೈಫಲ್ಲು ಪಕ್ಕದ ಸೀಟಿನ ಮೇಲೆ ಹಳೆಯ ಕಂಬಳಿಯಲ್ಲಿ ಮಲಗಿತ್ತು, ಬನ್ನಿನ ಡಬ್ಬಿ ಅದರ ಕಾಲ ಹತ್ತಿರ. ಈ ಏಳು ವಾರದಲ್ಲಿ ಅವಳು ಅದಕ್ಕೆ ಮಾಡದ ಉಪಚಾರವಿಲ್ಲ. ಗುಂಡು ಬದಲಾಯಿಸಿದಳು, ಬೇರೆ ಪೆಟ್ಟಿಗೆಯದು, ಬೇರೆ ವರ್ಷದ್ದು. ಗ್ರೀಸು ಒರೆಸಿ ಹೊಸದು ಹಚ್ಚಿದಳು, ಜಾಸ್ತಿಯಾಯಿತೇನೋ ಎಂದು ಅದನ್ನೂ ಒರೆಸಿದಳು. ಗುಂಡುಗಳನ್ನು ಕೂಡಿಸಿ ತುಂಬುವ ಕ್ಲಿಪ್ಪು ಬದಲಾಯಿಸಿದಳು. ಗುಂಡಿಲ್ಲದ ರೈಫಲ್ಲನ್ನು ಮಡಿಲಲ್ಲಿಟ್ಟುಕೊಂಡು ಮಾಡುವ ಪರೀಕ್ಷೆಯೊಂದಿದೆ. ಟ್ರಿಗರ್ ಒತ್ತಿ ಹಿಡಿದು, ಗುಂಡಿನ ಮನೆ ಮುಚ್ಚುವ ಬೋಲ್ಟನ್ನು ಕೈಯಿಂದ ಎಳೆದು ಬಿಟ್ಟು, ಆಮೇಲೆ ಬೆರಳನ್ನು ಮೆಲ್ಲಗೆ ಸಡಿಲಿಸಬೇಕು. ಗುಂಡಿಗೆ ಬಡಿಯುವ ಒಳಗಿನ ಸುತ್ತಿಗೆ ಟ್ರಿಗರಿನ ಕೊಕ್ಕೆಗೆ ಸಿಕ್ಕಿಕೊಂಡು ನಿಲ್ಲಬೇಕು, ಜಾರಬಾರದು; ಜಾರಿದರೆ ಎರಡನೆಯ ಗುಂಡು ತಾನಾಗಿಯೇ ಹಾರುತ್ತದೆ. ಟಿವಿ ಮುಂದೆ ಕೂತು ನೂರಾರು ಸಲ ಮಾಡಿದ್ದಳು. ಪ್ರತಿ ಸಲವೂ ನಿಂತಿತು. ಒಂದೇ ಒಂದು ಸಲ, ಆಗಸ್ಟಿನ ಭಾನುವಾರ, ಟಕ್ ಎಂದು ಜಾರಿದ ಹಾಗೆ ಕೇಳಿಸಿತು. ಲೀರಾಯ್ ಜೋಳದ ಪುರಿ ತಿನ್ನುತ್ತಿದ್ದ. ಅದು ಅವನ ದವಡೆಯ ಸದ್ದೋ, ಕೊಕ್ಕೆಯದೋ ಎಂದು ಈವತ್ತಿಗೂ ಇತ್ಯರ್ಥವಾಗಿಲ್ಲ. ಕೊನೆಗೆ ಎಮಿಲನ ಮನೆಗೇ ತೆಗೆದುಕೊಂಡು ಹೋದಳು. ಅವನು ಗ್ಯಾರೇಜಿನ ಹಿಂಭಾಗಕ್ಕೆ ಒಯ್ದು, ಐದು ನಿಮಿಷಕ್ಕೆ ಹೊರಬಂದು, "ಚೆನ್ನಾಗೇ ಇದೆ," ಎಂದು ಅವಳ ಕೈಗಿಟ್ಟ. ಬಿಚ್ಚಿ ನೋಡಿದ್ದನೋ ಇಲ್ಲವೋ ಗೊತ್ತಿಲ್ಲ. ಮುಂದಿನ ಶನಿವಾರ ಅದೇ ರೈಫಲ್ಲು ಮತ್ತೆ ಎರಡು ಹಾರಿಸಿತು. ಕೈಮೈಕು ಮತ್ತೆ ಕೂಗಿತು. ಅವಳು ಹೊಂಡಕ್ಕಿಳಿದಳು.

ಇಷ್ಟೆಲ್ಲ ಸಿಟ್ಟಿನ ತಳದಲ್ಲಿ ಅವಳು ಯಾರಿಗೂ ಹೇಳದ ಒಂದು ಮಾತಿತ್ತು. ಏಪ್ರಿಲಿನಲ್ಲಿ ಟ್ರಿಗರ್ ಕೆಲಸಕ್ಕೆಂದು ರೈಫಲ್ ಕೊಟ್ಟಾಗ ಎಮಿಲ್ ಅದನ್ನು ನಯ ಮಾಡಿ, ನಿಯಮದ ತೂಕ ಕಟ್ಟಿ ತೋರಿಸಿದ್ದ. ರೈಫಲ್ಲನ್ನು ನೆಟ್ಟಗೆ ನಿಲ್ಲಿಸಿ, ಟ್ರಿಗರಿಗೆ ತುದಿ ಬಾಗಿದ ಸಲಾಕೆಯಿಂದ ನಾಲ್ಕೂವರೆ ಪೌಂಡಿನ ತೂಕ ಸಿಕ್ಕಿಸಿ ಎತ್ತುತ್ತಾರೆ. ತೂಕ ನೆಲಬಿಟ್ಟು ಮೇಲೆದ್ದರೂ ಸುತ್ತಿಗೆ ಬೀಳಕೂಡದು. ಅದರ ಮೇಲೆ ಒಂದು ಕೂದಲೆಳೆ ಭಾರ ಬಿದ್ದರೆ ಬೀಳಬೇಕು. ಅದು ಎಮಿಲನ ಕೈಗುಣ, ನಾಲ್ಕು ಜಿಲ್ಲೆಯಲ್ಲಿ ಹೆಸರು. ಆವತ್ತು ತೂಕ ಸಲೀಸಾಗಿ ಮೇಲೆದ್ದಿತು. ಅವಳೇ ಹೇಳಿದ್ದಳು: "ಇನ್ನೂ ಸ್ವಲ್ಪ ಹಗುರ ಮಾಡಿ ಯಜಮಾನ್ರೇ, ಕಿಪ್‌ದು ಇದಕ್ಕಿಂತ ಹಗುರ ಇದೆ." ಎಮಿಲ್ ಕನ್ನಡಕದ ಮೇಲಿಂದ ನೋಡಿ, "ಸಾಕು ಇಷ್ಟು," ಎಂದಿದ್ದ. ಆಮೇಲೆ, ಕಿಪ್‌ನ ಹೆಸರು ಕೇಳಿಯೋ ಏನೋ, ಸಾಣೆಕಲ್ಲು ಮತ್ತೆ ಕೈಗೆತ್ತಿಕೊಂಡಿದ್ದ. ಕಲ್ಲಿನ ಮೇಲೆ ಕೊಕ್ಕೆ ಸರಿದ ಸದ್ದು ಅವಳಿಗೆ ನೆನಪಿದೆ. ಮೂರು ಸಲ ಸರಿದಿತ್ತು. ಮೂರನೆಯದು ಬೇಡವಾಗಿತ್ತೇನೋ, ಸುತ್ತಿಗೆಯನ್ನು ಹಿಡಿಯಬೇಕಾದ ಅಂಚೇ ಸವೆದಿತ್ತೇನೋ. ಹಾಗಾದರೆ ತಪ್ಪು ಕೇಳಿದವಳದೋ, ಮಾಡಿದವನದೋ? ದಿಬ್ಬದ ನೆತ್ತಿಯ ಧೂಳು ಕಣ್ಣಮುಂದೆ ಬಂದಾಗೆಲ್ಲ ಅವಳು ಕೇಳಿದವಳದೇ ಎಂದುಕೊಳ್ಳುತ್ತಿದ್ದಳು. ಕೈಮೈಕಿನ ಕೂಗು ನೆನಪಾದಾಗೆಲ್ಲ ಮಾಡಿದವನದೇ ಎಂದುಕೊಳ್ಳುತ್ತಿದ್ದಳು.

ಮೈದಾನದಲ್ಲಿ ಆಗಲೇ ಜನ ಸೇರಿದ್ದರು. ಕಿಪ್ ಬನ್ನಿನ ಡಬ್ಬಿ ಕಂಡವನೇ ಓಡಿಬಂದು ಮುಚ್ಚಳ ತೆಗೆದ. "ಆಹಾ, ಇದಕ್ಕೆ ಮಾತ್ರ ನಿನ್ನ ಕೈ ಸರಿ ಇದೆ ನೋಡು," ಎಂದು ಬಾಯಿ ತುಂಬ ಕಚ್ಚಿದ. ಅವಳು ಡಬ್ಬಿ ಮುಚ್ಚಿದಳು. "ತಿಂದು ಕೈ ಒರೆಸ್ಕೊ. ಮೊದಲು ನೀನೇ ಹೊಡೀಬೇಕು." ಡ್ವೇನ್ ಗಡಿಯಾರ ನೋಡಿಕೊಂಡು, ಪಂದ್ಯಕ್ಕೆ ತಡವಾಗುತ್ತದೆ, ಬೇಗ ಮುಗಿಸೋಣ ಎಂದ. ಪಂದ್ಯ ಮುಖ್ಯ, ಅವಳ ಬೆರಳು ಅದಕ್ಕೆ ಮುಂಚಿನ ಸಣ್ಣ ಕೆಲಸ, ಕಸ ಗುಡಿಸಿದ ಹಾಗೆ. ಇಂಥ ಪರೀಕ್ಷೆಯಲ್ಲಿ ಎರಡೇ ಗುಂಡು ತುಂಬುವುದು ಪದ್ಧತಿ. ಒಂದು ಒತ್ತಿಗೆ ಒಂದೇ ಹಾರಿದರೆ ಸರಿ, ಎರಡೂ ಹಾರಿದರೆ ಮೂರನೆಯದು ಹಾರಲು ಇರುವುದಿಲ್ಲ. ಗಂಡಸರು ಮಡಿಸುವ ಕುರ್ಚಿಗಳನ್ನು ತಂದು ಹಾಕಿಕೊಂಡು ಕೂತರು.

ಕಿಪ್ ಏಳನೇ ಜಾಗದಲ್ಲಿ ಮಲಗಿ, ಚರ್ಮದ ಪಟ್ಟಿಯನ್ನು ತೋಳಿಗೆ ಸುತ್ತಿ ಬಿಗಿದು, ರೈಫಲ್ಲನ್ನು ಭುಜಕ್ಕೆ ಒತ್ತಿಕೊಂಡ. ಒಂದು ಒತ್ತು, ಒಂದು ಗುಂಡು. ಇನ್ನೊಂದು ಒತ್ತು, ಇನ್ನೊಂದು. ಐದು ಸಲ ತುಂಬಿದ. ಐದು ಸಲವೂ ರೈಫಲ್ಲು ಹೊಸ ಸೊಸೆಯ ಹಾಗೆ ತಗ್ಗಿಬಗ್ಗಿ ನಡೆದುಕೊಂಡಿತು. ಡ್ವೇನ್ ಹೊಡೆದ. ಅವನ ಕೈಯಲ್ಲೂ ಅದೇ. ಪ್ರತಿ ಗುಂಡಿನ ಬೆನ್ನಿಗೂ ಅವಳು ಇನ್ನೊಂದಕ್ಕೆ ಕಿವಿಗೊಟ್ಟು ಕಾಯುತ್ತಿದ್ದಳು. ಎಂಥ ಗತಿ ಬಂತು, ತನ್ನ ರೈಫಲ್ಲು ಕೆಟ್ಟಿರಲಿ ಎಂದು ತಾನೇ ಹರಕೆ ಹೊರುವುದು! "ನೋಡಮ್ಮಾ," ಎಂದ ಡ್ವೇನ್ ಮೊಣಕಾಲಿನ ಮಣ್ಣು ಕೊಡವಿಕೊಳ್ಳುತ್ತ. "ಚಿನ್ನದಂಥ ರೈಫಲ್. ಯಾರೂ ನಿನ್ನ ಬೈತಿಲ್ಲ. ಗಟ್ಟಿ ಹಿಡಿಯೋಕೆ ಕೈಲಿ ಶಕ್ತಿ ಬೇಕು, ಅಷ್ಟೇ." "ಇದನ್ನ ಕೊಳ್ಳೋ ಮುಂಚೆ ಆರು ವರ್ಷ ಕ್ಲಬ್ಬಿನ ರೈಫಲ್ಲಲ್ಲಿ ಹೀಗೇ ಹಗುರಾಗಿ ಹಿಡಿದು ಹೊಡೆದಿದೀನಿ," ಎಂದಳು ಲವೋನ್. "ಒಂದು ಸಲ, ಒಂದೇ ಒಂದು ಸಲ, ಎರಡು ಹಾರಿದ್ದು ತೋರ್ಸು. ಆ ರೈಫಲ್ಲಲ್ಲಿ ನನ್ನ ಬೆರಳು ಒಳ್ಳೇದು, ಇದ್ರಲ್ಲಿ ಕೆಟ್ಟದ್ದಾ? ನೀವಿಬ್ರೂ ಅದನ್ನ ಹಂದಿ ಹಿಡ್ದಂಗೆ ಅವುಚಿ ಹಿಡ್ಕೊಂಡು ಹೊಡೀತೀರಿ. ನಾನು ಹಿಡಿಯೋ ಹಾಗೆ ಹಿಡ್ದು ಯಾರಾದ್ರೂ ಹೊಡೀರಿ." ಯಾರೂ ಎದ್ದೇಳಲಿಲ್ಲ. ಅವಳು ನೇರವಾಗಿ ಎಮಿಲನ ಕಡೆ ತಿರುಗಿದಳು. "ಯಜಮಾನ್ರೇ, ನೀವು ಹೊಡೀರಿ."

"ಅವರನ್ನ ಯಾಕೆ ಎಳೀತೀಯ, ಬೆನ್ನುನೋವು ಅವರಿಗೆ," ಎಂದ ಡ್ವೇನ್. ಆದರೆ ಎಮಿಲ್ ಎದ್ದಿದ್ದ. ಹತ್ತು ಜನರ ಮುಂದೆ ಕರೆದರೆ ಕೂತಿರುವ ಜಾತಿಯಲ್ಲ ಅದು. ಚಾಪೆಯ ಮೇಲೆ ಮಂಡಿಯೂರಿ, ಒಂದೊಂದೇ ಕೈ ಊರಿ ಮಲಗಿದ. ಪಟ್ಟಿಯನ್ನು ತೋಳಿಗೆ ಸುತ್ತಲು ಹೋದ, ಬಕಲು ಸಿಗಲಿಲ್ಲ. ಅವನ ಬೆರಳುಗಳು ಊದಿಕೊಂಡಿದ್ದವು, ಗೆಣ್ಣುಗಳು ಶುಂಠಿಯ ಹಾಗೆ. ಅವಳು ಬಗ್ಗಿ ನೋಡಿದಳು. ಈ ಗೆಣ್ಣಿನಲ್ಲಿ ಕೂದಲೆಳೆಯ ಲೆಕ್ಕ ಹೇಗೆ ಹಿಡಿಯುತ್ತಾನೆ ಈ ಮುದುಕ? ಎಮಿಲ್ ಪಟ್ಟಿಯನ್ನು ಹಾಗೇ ಬಿಟ್ಟು ಗುರಿ ಹಿಡಿದ. ಒತ್ತಿದ.

ಢಂ, ಢಂ. ಎರಡನೆಯದು ದಿಬ್ಬದ ಮೇಲ್ತುದಿಯಲ್ಲಿ ಧೂಳೆಬ್ಬಿಸಿತು.

ಲವೋನಳಿಗೆ ಅಳು ಬಂದ ಹಾಗಾಯಿತು. ಅಷ್ಟು ಸಮಾಧಾನ, ಅಷ್ಟು ಸಿಟ್ಟು ಎರಡೂ ಒಟ್ಟಿಗೆ ಬಂದರೆ ಮನುಷ್ಯರು ಏನು ಮಾಡಬೇಕು? ನೋಡಿದಿರಾ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಎಮಿಲ್, ತಲೆಯೆತ್ತದೆಯೇ, "ನನ್ನ ಬೆರಳು," ಎಂದ. "ವಯಸ್ಸಾಯ್ತು. ಹಿಡಿತ ಸಾಲ್ಲಿಲ್ಲ. ನನ್ನ ಬೆರಳೇ." ಕುರ್ಚಿಗಳಲ್ಲಿ ಕೂತವರ ಎದೆಯಿಂದ ಉಸಿರು ಹೊರಬಂದದ್ದು ಅವಳಿಗೆ ಕೇಳಿಸಿತು. "ಅಯ್ಯೋ ಬಿಡಿ ಯಜಮಾನ್ರೇ," ಎಂದ ಕಿಪ್, "ಎಪ್ಪತ್ತೆಂಟಕ್ಕೆ ನಾನು ಮಲಗಿದ್ರೆ ಎದ್ದೇಳೋದೇ ಇಲ್ಲ." ಎಲ್ಲರೂ ಮೆಲ್ಲಗೆ ನಕ್ಕರು. ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಈ ಮುದುಕ ಕೈಲಾಗದವನು ಎನ್ನಿಸಿಕೊಳ್ಳಲು ತಯಾರು. ಅವನ ಸಾಣೆಕಲ್ಲು ತಪ್ಪಿತು ಎನ್ನಿಸಿಕೊಳ್ಳಲು ಮಾತ್ರ ತಯಾರಿಲ್ಲ. ಇವರಿಗೂ ಅದೇ ಬೇಕು. ಅವನ ಕಲ್ಲು ತಪ್ಪಿದ್ದರೆ ಇವರ ತೊಡೆಯ ಮೇಲಿರುವ ಮೂವತ್ತು ರೈಫಲ್ಲುಗಳಲ್ಲೂ ಅದೇ ಕಲ್ಲಿನ ಗೆರೆಯಿದೆ. ಆದ್ದರಿಂದ ತಪ್ಪು ಬೆರಳಿನದೇ ಆಗಬೇಕು, ಹೆಂಗಸಿನದೋ, ಮುದುಕನದೋ, ಯಾರದಾದರೂ ಸರಿ.

ಅವಳು ಚಾಪೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಇನ್ನೊಂದು ದಾರಿ ಕೊಟ್ಟು ನೋಡೋಣ ಎನ್ನಿಸಿತು. ಎಲ್ಲರಿಗೂ ಕೇಳುವ ಹಾಗೆ, "ಏಪ್ರಿಲಲ್ಲಿ ಇನ್ನೂ ಹಗುರ ಮಾಡಿ ಅಂದವಳು ನಾನೇ," ಎಂದಳು. "ನೀವು ಸಾಕು ಅಂದಿದ್ರಿ. ನಾನೇ ಬಿಡಲಿಲ್ಲ. ತಪ್ಪು ನಂದೂ ಇದೆ ಯಜಮಾನ್ರೇ. ಮೂರನೇ ಸಲ ಕಲ್ಲಿಗೆ ಹಿಡಿದದ್ದು ಜಾಸ್ತಿ ಆಯ್ತೇನೋ. ಹೇಳಿಬಿಡಿ." ಏಳು ವಾರ ನುಂಗಿಕೊಂಡಿದ್ದ ಮಾತು, ಹೊರಗೆ ಬಂದಾಗ ಅಷ್ಟೇನೂ ದೊಡ್ಡದಾಗಿ ಕಾಣಿಸಲಿಲ್ಲ. ಎಮಿಲ್ ಅವಳನ್ನು ನೋಡಿದ. ಅವನ ತಿಳಿ ಕಣ್ಣಿನ ಅಂಚಿನಲ್ಲಿ ನೀರಿತ್ತು, ಧೂಳಿಗೋ ಏನೋ. "ಯಾರು ಹೇಳಿದ್ರೂ ನಾನು ಜಾಸ್ತಿ ತೆಗೆಯಲ್ಲ," ಎಂದ. "ಐವತ್ತು ವರ್ಷದಲ್ಲಿ ತೆಗೆದಿಲ್ಲ."

ಆಗ ಅವಳೊಳಗೆ ಉಳಿದಿದ್ದ ಮರುಕ ಆರಿಹೋಯಿತು. ಎದ್ದು ನಿಂತಳು. "ಸರಿ. ಬೆರಳಾದ್ರೆ ಬೆರಳು. ನನ್ನ ಎರಡು ಸಲ ಆದ್ಮೇಲೆ ಹೊಂಡಕ್ಕೆ ಇಳಿಸಿದ್ರಿ. ಅವರೂ ಇನ್ನೊಂದು ಸಲ ಹೊಡೀಲಿ." "ಲವೋನ್!" ಎಂದ ಡ್ವೇನ್. "ವಯಸ್ಸಾದವರ ಹತ್ರ ಇದೇನು?" "ನಿಯಮದಲ್ಲಿ ವಯಸ್ಸು ಬರ್ದಿದ್ಯಾ? ಹೆಂಗಸು ಅಂತ ಬರ್ದಿದ್ಯಾ? ಬರ್ದಿದ್ರೆ ತೋರ್ಸು." ಎಮಿಲ್ ತಾನೇ ಎರಡು ಗುಂಡು ತುಂಬಿಕೊಂಡ. ಈ ಸಲ ಅವನು ರೈಫಲ್ಲನ್ನು ಹಿಡಿದ ರೀತಿ ನೋಡಿ ಅವಳಿಗೆ ಅಸಹ್ಯವಾಯಿತು. ಕತ್ತು ಹಿಸುಕುವವನ ಹಾಗೆ ಹಿಡಿದಿದ್ದ. ಕೆನ್ನೆ ನಡುಗಿತು, ಹಣೆಯ ನರ ಎದ್ದಿತು. ಮೊದಲ ಒತ್ತಿಗೆ ಒಂದೇ ಹಾರಿತು. ಎರಡನೆಯದೂ ಒಂದೇ. "ಸಾಕಲ್ಲ?" ಎಂದ ಡ್ವೇನ್. "ಇನ್ನೊಂದು," ಎಂದಳು. ಕುರ್ಚಿಯಿಂದ ಯಾರೋ, ಏನು ಹೆಂಗಸಪ್ಪಾ ಇವಳು ಎಂದದ್ದು ಕೇಳಿಸಿತು. ಅವಳು ಆ ಕಡೆ ನೋಡಲಿಲ್ಲ. ಎಮಿಲನ ತೋಳು ಅಷ್ಟರಲ್ಲಿ ಸೋತಿತ್ತು. ಮೂರನೆಯ ಸಲ ತುಂಬಿ ಒತ್ತಿದಾಗ ಢಂ ಎಂಬುದರ ಬೆನ್ನಿಗೇ ಇನ್ನೊಂದು ಢಂ ಬಂತು.

"ಬೆರಳು," ಎಂದ ಎಮಿಲ್, ಮಣ್ಣಿಗೆ ಮುಖ ಹಾಕಿಕೊಂಡೇ.

"ಕೂಗು," ಎಂದಳು ಲವೋನ್ ಡ್ವೇನನಿಗೆ. "ನಂದು ಕೂಗಿದ್ಯಲ್ಲ, ಹಾಗೇ ಕೂಗು." ಡ್ವೇನ್ ಕೈಮೈಕನ್ನು ಬಾಯಿಯಿಂದ ಒಂದು ಗೇಣು ದೂರದಲ್ಲೇ ಹಿಡಿದು, "ಹೆಸ್ಲರ್, ಬೆರಳಿನ ತಪ್ಪು," ಎಂದು ಗೊಣಗಿದ. ಹೊಂಡದವರಿಗೆ ಖಂಡಿತ ಕೇಳಿಸಿರಲಿಕ್ಕಿಲ್ಲ. ಇಬ್ಬರು ಹೋಗಿ ಎಮಿಲನನ್ನು ಎಬ್ಬಿಸಿ ನಿಲ್ಲಿಸಿದರು. ಎಲ್ಲರೂ ಅವಳನ್ನು ನೋಡುತ್ತಿದ್ದರು, ಮುದುಕನ ಮೈಮೇಲೆ ನಾಯಿ ಬಿಟ್ಟವಳನ್ನು ನೋಡುವ ಹಾಗೆ. ಗೆದ್ದೆನೋ ಸೋತೆನೋ ಅವಳಿಗೇ ತಿಳಿಯಲಿಲ್ಲ. ಹೊಂಡದಲ್ಲಿ ಇನ್ನು ತನ್ನ ಪಕ್ಕದಲ್ಲಿ ಎಮಿಲನೂ ಕೂತು ಕಾಗದ ಅಂಟಿಸುತ್ತಾನೆ, ಅಷ್ಟೇ ಆದದ್ದು. ರೈಫಲ್ಲು ಚಿನ್ನವಾಗಿಯೇ ಉಳಿಯಿತು. ಎಮಿಲ್ ಕೋಟಿನ ಧೂಳು ಕೊಡವಿಕೊಂಡು ಅವಳನ್ನು ದಾಟಿ ಹೋಗುವಾಗ ಒಂದು ಕ್ಷಣ ನಿಂತ. ರೈಫಲ್ಲನ್ನು ಅವಳ ಕೈಗೆ ಕೊಡುತ್ತ, ಅವಳೊಬ್ಬಳಿಗೇ ಕೇಳುವಷ್ಟು ತಗ್ಗಿದ ದನಿಯಲ್ಲಿ, "ಸೋಮವಾರ ತಗೊಂಡ್ಬಾ. ಕೊಕ್ಕೆ ಬದಲಾಯಿಸಿ ಕೊಡ್ತೀನಿ. ಯಾರಿಗೂ ಹೇಳೋದು ಬೇಡ," ಎಂದ.

ಅವನ ದನಿ ಬೇಡಿಕೊಳ್ಳುತ್ತಿತ್ತು. ಅದು ಅವಳಿಗೆ ಗೊತ್ತಾಯಿತು. ಸೋಮವಾರ ಹೋದರೆ ಕಾಫಿ ಕೊಡುತ್ತಾನೆ, ಒಳ್ಳೆಯ ಕೊಕ್ಕೆ ಹಾಕಿಕೊಡುತ್ತಾನೆ, ಮುಂದಿನ ವರ್ಷ ಎಲ್ಲವೂ ಸರಿಯಾಗುತ್ತದೆ. ಸರಿಯಾದಾಗ ಇವರೆಲ್ಲ ಏನು ಹೇಳುತ್ತಾರೆಂಬುದೂ ಗೊತ್ತಾಯಿತು. ಪರವಾಗಿಲ್ಲ, ಲವೋನ್ ಕೊನೆಗೂ ಗಟ್ಟಿ ಹಿಡಿಯುವುದು ಕಲಿತಳು! ಮೈಯೆಲ್ಲ ಬೆಂಕಿಯಾಯಿತು. "ಬೆರಳಿನ ತಪ್ಪಾದ್ರೆ," ಎಂದಳು, ಇಡೀ ಸಾಲಿಗೆ ಕೇಳುವ ಹಾಗೆ, "ಕೊಕ್ಕೆ ಯಾಕೆ ಬದಲಾಯಿಸ್ತೀರಿ ಯಜಮಾನ್ರೇ?"

ಎಮಿಲ್ ನಿಂತಲ್ಲೇ ನಿಂತ. ಡ್ವೇನ್ ಬೂಟು ನೋಡಿಕೊಂಡ. ಬನ್ನಿನ ಎರಡನೆಯ ತುಂಡು ಬಾಯಲ್ಲಿಟ್ಟುಕೊಂಡಿದ್ದ ಕಿಪ್ ಅಗಿಯುವುದನ್ನು ನಿಲ್ಲಿಸಿ ತನ್ನ ತೊಡೆಯ ಮೇಲಿನ ರೈಫಲ್ಲನ್ನು ನೋಡಿದ. ಮಾರ್ಚಿನಲ್ಲಿ ಎಮಿಲ್ ಮಾಡಿಕೊಟ್ಟದ್ದು, ಲವೋನಳದಕ್ಕಿಂತ ಹಗುರ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದು. ಅದರ ಬೋಲ್ಟನ್ನು ಎಳೆದು, ಖಾಲಿಯಿದೆಯೆಂದು ಬೆರಳು ಹಾಕಿ ನೋಡಿ, ಚಾಪೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಅವನ ಪಕ್ಕದವನೂ ಇಟ್ಟ. ಆಮೇಲೆ ಒಬ್ಬೊಬ್ಬರೇ. ಯಾರೂ ಎಮಿಲನ ಮುಖ ನೋಡಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ತಪ್ಪಾಯಿತು ಎಂದು ಒಬ್ಬನಾದರೂ ಹೇಳುತ್ತಾನೆಂದು ಅವಳು ಕಾದಳು.

ಡ್ವೇನ್ ಕೈಮೈಕು ಎತ್ತಿದ. ಈ ಸಲ ಬಾಯಿಗೆ ಹತ್ತಿರವೇ ಹಿಡಿದಿದ್ದ. "ಗಮನವಿಟ್ಟು ಕೇಳಿ. ಗಾಳಿ ಜಾಸ್ತಿ ಇರೋದ್ರಿಂದ ಇವತ್ತಿನ ಪಂದ್ಯ ನಿಲ್ಸಿದೀವಿ. ಎಲ್ಲರೂ ರೈಫಲ್ ಖಾಲಿ ಮಾಡಿ. ಗಾಳಿ ಜಾಸ್ತಿ ಇದೆ."

ಸಾಲಿನ ಎರಡೂ ತುದಿಯಲ್ಲಿ ಗಾಳಿ ನೋಡಲು ನೆಟ್ಟಿದ್ದ ಬಾವುಟಗಳು ಕೋಲಿಗೆ ಅಂಟಿಕೊಂಡು ಜೋತುಬಿದ್ದಿದ್ದವು. ಲವೋನ್ ಅವುಗಳನ್ನು ನೋಡಿದಳು. ಎಲ್ಲರೂ ನೋಡಿದರು. ಅವಳು ತನ್ನ ರೈಫಲ್ಲನ್ನು ಬೋಲ್ಟು ತೆರೆದು ಚಾಪೆಯ ಮೇಲೆ ಮಲಗಿಸಿ, ಡ್ವೇನನ ಹತ್ತಿರ ನಡೆದು, ಅವನ ಕೈಯಿಂದ ಕೈಮೈಕನ್ನು ಕಿತ್ತುಕೊಂಡಳು. ಅವನು ಬಿಗಿಯಾಗಿ ಹಿಡಿದಿರಲೂ ಇಲ್ಲ. ಹೊಂಡದ ಕಡೆಗೆ ತಿರುಗಿ, ತೋರುಬೆರಳಿನಿಂದ ಅದರ ಗುಂಡಿ ಒತ್ತಿದಳು.

"ಏಳನೇ ಜಾಗ, ಹೆಸ್ಲರ್," ಎಂದಳು. "ಕೊಕ್ಕೆಯ ತಪ್ಪು."

ಬೆರಳು ಬಿಟ್ಟಳು. ದಿಬ್ಬಕ್ಕೆ ಬಡಿದು ಅವಳ ದನಿ ವಾಪಸು ಬಂತು. ಹೊಂಡದಿಂದ ಒಬ್ಬ ತಲೆ ಹೊರಗೆ ಹಾಕಿ, ಕೇಳಿಸಿತು ಎಂಬುದಕ್ಕೆ ಕೈಯೆತ್ತಿದ.